ಎರಡೂ ಚೊಲೋ ಅದಾವ

ಮಾನ್ವಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಶಂಭುಲಿಂಗಪ್ಪನವರ ದಲಾಲಿ ಅಂಗಡಿಯ ಮುಂದೆ ಶಹಾಬಾದ್ ಕಲ್ಲು ಹಾಸಿದ ಒಂದು ಕಟ್ಟೆ ಇದೆ. ನೋಡಲು ಏನೂ ವಿಶೇಷವಿಲ್ಲ. ಒಂದು ತುದಿಯಲ್ಲಿ ಕುಡಿಯುವ ನೀರಿನ ಗಡಿಗೆ, ಇನ್ನೊಂದು ತುದಿಯಲ್ಲಿ ತಕ್ಕಡಿ ರಿಪೇರಿ ಮಾಡುವ ದಸ್ತಗೀರ್ ಸಾಬ್ ಎಂದೋ ಬಿಟ್ಟುಹೋದ ತುಕ್ಕು ಹಿಡಿದ ತೂಕದ ಕಲ್ಲುಗಳು. ಆದರೆ ಅಕ್ಕಿ ಗಿರಣಿಗಳ ನಡುವೆ ತಕರಾರು ಎದ್ದಾಗ, ಒಬ್ಬರ ಮಾಲಿನಲ್ಲಿ ನುಚ್ಚು ಹೆಚ್ಚಾಯಿತೆಂದೋ ಇನ್ನೊಬ್ಬರು ಹೊಸ ಅಕ್ಕಿಯನ್ನು ಹಳೆಯದೆಂದು ಕಳಿಸಿದರೆಂದೋ ಮಾತು ಬೆಳೆದಾಗ, ಎರಡೂ ಕಡೆಯವರು ಕಾಗದದ ಪೊಟ್ಟಣದಲ್ಲಿ ಹಿಡಿ ಅಕ್ಕಿ ಕಟ್ಟಿಕೊಂಡು ಬರುವುದು ಇದೇ ಕಟ್ಟೆಗೆ.

ಶಂಭುಲಿಂಗಪ್ಪ ಆತುರಪಡುವುದಿಲ್ಲ. ಮೊದಲ ಪೊಟ್ಟಣದ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಹೆಬ್ಬೆರಳಿನಿಂದ ತಿಕ್ಕುತ್ತಾರೆ, ಮೆಲ್ಲಗೆ ಊದುತ್ತಾರೆ, ಮೂಸುತ್ತಾರೆ, ಒಂದು ಕಾಳನ್ನು ಮುಂಬಲ್ಲಿನಿಂದ ಕಡಿದು ಅದರ ಸದ್ದನ್ನು ಆಲಿಸುತ್ತಾರೆ. ಎರಡನೆಯದಕ್ಕೂ ಇದೇ ಉಪಚಾರ. ಅಷ್ಟು ಹೊತ್ತಿಗೆ ಯಾವುದು ಯಾವ ತಿಂಗಳ ಭತ್ತ, ಎಷ್ಟು ಸಲ ಪಾಲಿಶ್ ಆಗಿದೆ, ಎಲ್ಲಿ ಸುಳ್ಳು ಬೆರೆತಿದೆ ಎಂಬುದೆಲ್ಲ ಅವರಿಗೆ ಗೊತ್ತಾಗಿರುತ್ತದೆ. ಆಮೇಲೆ ಕೈ ಝಾಡಿಸಿ ಅವರು ಹೇಳುವ ಮಾತು ಒಂದೇ.

"ಎರಡೂ ಚೊಲೋ ಅದಾವ."

ಇದರಿಂದ ಜಗಳ ಹೇಗೆ ತೀರುತ್ತದೆ ಎಂದು ಹೊರಗಿನವರಿಗೆ ಆಶ್ಚರ್ಯವಾಗಬಹುದು. ಆದರೆ ತೀರುತ್ತಿತ್ತು. ಯಾರೂ ಸೋತಿಲ್ಲವಾದ್ದರಿಂದ ಇಬ್ಬರೂ ಚಹಾ ಕುಡಿಯಲು ಕೂಡುತ್ತಿದ್ದರು. ಚಹಾ ಮುಗಿಯುವುದರೊಳಗೆ ತಪ್ಪಿದ್ದವನು ತಾನಾಗಿಯೇ ಪಟ್ಟು ಸಡಿಲಿಸುತ್ತಿದ್ದ. ಶಂಭುಲಿಂಗಪ್ಪನವರ ತಂದೆಯೂ ಹೀಗೆಯೇ ಇದ್ದವರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲದವರು ಅವರು. ಒಬ್ಬನಿಗೆ ಹೇಳಿದ ದರ ಪಕ್ಕದವನಿಗೆ ಕಾಣಬಾರದು, ಕಂಡರೆ ಹೋಲಿಕೆ ಬರುತ್ತದೆ, ಹೋಲಿಕೆ ಬಂದರೆ ಗಿರಾಕಿ ಹೋಗುತ್ತಾನೆ. ಈಗ ದರ ಕಂಪ್ಯೂಟರಿನಲ್ಲಿ ಬರುತ್ತದೆ, ಟವೆಲ್ಲು ಹೆಗಲ ಮೇಲೆ ಸುಮ್ಮನೆ ಕೂತಿದೆ. ಆದರೆ ಮಗ ಆ ಟವೆಲ್ಲನ್ನು ನಾಲಿಗೆಯ ಮೇಲೆ ಹೊದಿಸಿಕೊಂಡಿದ್ದರು. ಎಲ್ಲ ಗಿರಣಿಗಳ ಮಾಲೂ ಅವರ ಅಂಗಡಿಯ ಮೂಲಕವೇ ಹೋಗಬೇಕಾದ್ದರಿಂದ ಇದು ಸಜ್ಜನಿಕೆಯೋ ವ್ಯಾಪಾರವೋ ಎಂದು ಕೇಳಬಹುದಿತ್ತು. ಯಾರೂ ಕೇಳಿರಲಿಲ್ಲ. ಅವರೂ ತಮ್ಮನ್ನು ಕೇಳಿಕೊಂಡಿರಲಿಲ್ಲ.

ಅಭ್ಯಾಸ ಅಂಗಡಿಯಲ್ಲೇ ನಿಲ್ಲಲಿಲ್ಲ. ಚುನಾವಣೆಗೆ ನಿಂತ ಇಬ್ಬರೂ ಅವರ ಪ್ರಕಾರ ಚೊಲೋ ಮಂದಿ. ಹೆಂಡತಿ ಬಸವಂತಮ್ಮ ಬಡಿದ ಜೋಳದ ರೊಟ್ಟಿ ಮತ್ತು ಆಕೆಯ ಅಕ್ಕ ಬಡಿದ ಜೋಳದ ರೊಟ್ಟಿ, ಎರಡೂ ಚೊಲೋ. ಯಾರ ರೊಟ್ಟಿ ಮೇಲು ಎಂದು ಬಸವಂತಮ್ಮ ಮದುವೆಯಾದ ಹೊಸದರಲ್ಲಿ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟಿದ್ದರು.

ಇಂಥವರಿಗೆ ಬೀಗರಾಗಿ ದೊರಕಿದವರು ಮಾನ್ವಿ ತಾಲ್ಲೂಕಿನದೇ ಆದ ಪೋತ್ನಾಳದ ಪಂಪಾಪತಿ. ಅವರಿಗೂ ಅಕ್ಕಿ ಗಿರಣಿ ಇದೆ. ಶಂಭುಲಿಂಗಪ್ಪನವರ ಮಗಳು ವಿಜಯಲಕ್ಷ್ಮಿ ಅವರ ಸೊಸೆ. ಪಂಪಾಪತಿಯವರಿಗೆ ಎಲ್ಲದರಲ್ಲೂ ಮುಂದಿರಬೇಕು. ಹೊಸ ಪಾಲಿಶ್ ಯಂತ್ರವನ್ನು ಆ ಭಾಗಕ್ಕೆ ಮೊದಲು ತಂದವರು ಅವರೇ. ಅದರಿಂದ ಹೊರಬರುವ ಸೋನಾ ಮಸೂರಿ ಹತ್ತಿಯಷ್ಟು ಬೆಳ್ಳಗಿರುತ್ತದೆ. ಅದನ್ನು ಕಂಡವರಿಗೆಲ್ಲ ತೋರಿಸುತ್ತಿದ್ದರು. ಬೀಗರಿಗೂ ತೋರಿಸಿದ್ದರು. ಬೀಗರು ಏನೆಂದಿರಬಹುದು ಎಂದು ಹೇಳಬೇಕಾಗಿಲ್ಲ.

ಇಲ್ಲಿನ ಗಿರಣಿ ಮಾಲೀಕರಿಗೆಲ್ಲ ಇಂಗ್ಲಿಷಿನ ಅಗತ್ಯ ಬಂದದ್ದು ಚೆನ್ನೈ ಕಡೆಯಿಂದ. ಹೈದರಾಬಾದಿನ ವ್ಯಾಪಾರಿಗಳೊಡನೆ ಉರ್ದು ನಡೆಯುತ್ತದೆ, ಕರ್ನೂಲಿನವರೊಡನೆ ತೆಲುಗು. ಚೆನ್ನೈನ ಒಂದು ದಿನಸಿ ಮಳಿಗೆಗಳ ಕಂಪನಿಯ ಖರೀದಿ ಅಧಿಕಾರಿ ಅನುರಾಧಾ ಹೋದ ವರ್ಷ ಬಂದಾಗ ಎರಡೂ ನಡೆಯಲಿಲ್ಲ. ಆಕೆ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಮಾಲೀಕರು ಎಸ್ ಎಂದರು. ನಿಮ್ಮ ಅಕ್ಕಿ ಮೇಲೋ ಪಕ್ಕದವರದು ಮೇಲೋ ಎಂದಾಗಲೂ ಎಸ್ ಎಂದರು. ಆಕೆ ನಗುನಗುತ್ತಲೇ ಕೈಮುಗಿದು ಹೊರಟುಹೋಗಿ ತುಂಗಭದ್ರೆಯ ಆಚೆ ದಂಡೆಯವರ ಅಕ್ಕಿ ಕೊಂಡರು. ಮುಂದಿನ ಸಂಕ್ರಾಂತಿಯ ನಂತರ ಮತ್ತೆ ಬರುತ್ತೇನೆಂದು ಹೇಳಿದ್ದಷ್ಟೇ ಸಮಾಧಾನ.

ಅದಕ್ಕಾಗಿ ಗಿರಣಿ ಮಾಲೀಕರ ಸಂಘದ ಮಹಡಿಯ ಮೇಲೆ ವಾರಕ್ಕೆರಡು ಸಂಜೆ ಇಂಗ್ಲಿಷ್ ತರಗತಿ ಶುರುವಾಯಿತು. ಕಲಿಸಲು ಬಂದವರು ದೇವಿಕಾ. ದೇವದುರ್ಗ ತಾಲ್ಲೂಕಿನ ಕುರಿ ಕಾಯುವ ಮನೆತನದವರು, ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಹೊಟ್ಟೆ ಬಂದ, ಹೆಗಲ ಮೇಲೆ ಟವೆಲ್ಲಿನ, ಮಧ್ಯೆ ಮಧ್ಯೆ ಫೋನಿನಲ್ಲಿ ಲಾರಿಯವರನ್ನು ಬೈಯುವ ವಿದ್ಯಾರ್ಥಿಗಳನ್ನು ಅವರು ಮೊದಲು ಕಂಡಿರಲಿಲ್ಲ. ಆದರೂ ಹೆದರಲಿಲ್ಲ. ಟಗರುಗಳನ್ನು ಹಟ್ಟಿಗೆ ಹೊಡೆದು ಅಭ್ಯಾಸವಿದ್ದವರು.

ಪಂಪಾಪತಿ ಮೊದಲ ದಿನವೇ ಮುಂದಿನ ಬೆಂಚು ಹಿಡಿದರು. ಹಿಂದಿನ ಸಾಲಿನಲ್ಲಿ ಗುರುಸಿದ್ದ ಕೂಡುತ್ತಿದ್ದ. ದೇವದುರ್ಗದಲ್ಲಿ ಅವನದೊಂದು ಸಣ್ಣ ಗಿರಣಿ. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಎಲ್ಲರೂ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಗಿರಣಿ ಇಲ್ಲದಿದ್ದರೂ ದಲಾಲಿಯೆಂದು ಸೇರಿದ ಶಂಭುಲಿಂಗಪ್ಪ ನಡುವಿನ ಬೆಂಚಿನಲ್ಲಿ, ಯಾವ ಕಡೆಗೂ ವಾಲದಂತೆ.

ಒಂದನ್ನು ಇನ್ನೊಂದಕ್ಕೆ ಹೋಲಿಸುವ ಪಾಠ ಬರುವವರೆಗೆ ಎಲ್ಲ ಸುಗಮವಾಗಿತ್ತು. ದೇವಿಕಾ ಹಲಗೆಯ ಮೇಲೆ ಬರೆದು ವಿವರಿಸಿದರು. ಸಣ್ಣ ಪದವಾದರೆ ಕೊನೆಗೆ ಒಂದು ಅರ್ ಹಚ್ಚಬೇಕು, ಉದ್ದ ಪದವಾದರೆ ಮುಂದೆ ಮೋರ್ ಹಾಕಬೇಕು, ಗುಡ್ ಮಾತ್ರ ಯಾರ ಮಾತನ್ನೂ ಕೇಳದೆ ಬೆಟರ್ ಆಗುತ್ತದೆ, ಆಮೇಲೆ ದ್ಯಾನ್ ಎಂದು ಎರಡನೆಯವನ ಹೆಸರು ಹೇಳಬೇಕು. ಒಬ್ಬೊಬ್ಬರೇ ಎದ್ದು ಒಂದು ವಾಕ್ಯ ಹೇಳಲಿ ಎಂದರು.

ಪಂಪಾಪತಿ ಎದ್ದು, "ಮಾನ್ವಿ ಈಸ್ ಹಾಟರ್ ದ್ಯಾನ್ ದೇವದುರ್ಗ," ಎಂದರು.

ಹಿಂದಿನ ಬೆಂಚಿನಿಂದ ಗುರುಸಿದ್ದ ಎದ್ದ. "ಯಾರ್ ಹೇಳಿದ್ರೀ? ಮೇ ತಿಂಗಳದಾಗ ನಮ್ಮಲ್ಲಿ ಡಾಂಬರ್ ಬಂದು ಚಪ್ಪಲಿಗಿ ಅಂಟ್ತದ."

"ನಮ್ಮಲ್ಲಿ ಚಪ್ಪಲಿನ ಕರಗಿ ಡಾಂಬರಿಗಿ ಅಂಟ್ತದಪಾ," ಎಂದರು ಪಂಪಾಪತಿ.

ಅಲ್ಲಿಂದ ಮುಂದೆ ಪಾಠ ಕನ್ನಡದಲ್ಲಿ ನಡೆಯಿತು. ಯಾರ ಊರಿನಲ್ಲಿ ಕೋಳಿಗಳು ಮಧ್ಯಾಹ್ನ ಚರಂಡಿಗೆ ಇಳಿಯುತ್ತವೆ, ಯಾರ ಊರಿನ ಬೋರ್‌ವೆಲ್ ನೀರಿನಲ್ಲಿ ನೇರವಾಗಿ ಚಹಾ ಪುಡಿ ಹಾಕಬಹುದು ಎಂದು ಇಬ್ಬರೂ ತಮ್ಮ ತಮ್ಮ ಬಿಸಿಲನ್ನು ಆಸ್ತಿಯಂತೆ ಕಾಯ್ದುಕೊಂಡರು. ರಾಯಚೂರಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಇಬ್ಬರೂ ಸೋಲಬೇಕಾಗುತ್ತಿತ್ತು. ಕೊನೆಗೆ ದೇವಿಕಾ, ಹಿರಿಯರು ನೀವೇ ಒಂದು ವಾಕ್ಯದಲ್ಲಿ ಮುಗಿಸಿ ಎಂದು ಶಂಭುಲಿಂಗಪ್ಪನವರ ಕಡೆ ನೋಡಿದರು.

ಅವರು ಎದ್ದು ಟವೆಲ್ಲು ಸರಿಮಾಡಿಕೊಂಡರು. "ಮಾನ್ವಿ ಈಸ್ ಹಾಟ್. ದೇವದುರ್ಗ ಈಸ್ ಹಾಟ್."

"ಎರಡನ್ನೂ ಕೂಡಿಸಿ ಹೇಳ್ರಿ ಯಜಮಾನ್ರ."

"ಮಾನ್ವಿ ಅಂಡ್ ದೇವದುರ್ಗ ಆರ್ ಹಾಟ್."

ತರಗತಿ ನಕ್ಕಿತು. ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಹೋಲಿಕೆಯೂ ಇಲ್ಲ ಎಂದರು ದೇವಿಕಾ. ಪೆನ್ನು ಮತ್ತು ಪೆನ್ಸಿಲು ಕೊಟ್ಟು ನೋಡಿದರು, ಎರಡೂ ಉದ್ದವಿದ್ದವು. ಆನೆ ಮತ್ತು ಇಲಿಯನ್ನು ಕೊಟ್ಟಾಗ ಶಂಭುಲಿಂಗಪ್ಪ ಬಹಳ ಹೊತ್ತು ಯೋಚಿಸಿ, ಆನೆ ದೊಡ್ಡದು, ಇಲಿಯೂ ತನ್ನ ಮಟ್ಟಿಗೆ ಸಾಕಷ್ಟು ದೊಡ್ಡದು ಎಂಬರ್ಥದ ಮಾತನ್ನು ಹೇಗೋ ಹೊಂದಿಸಿದರು. ತರಗತಿ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು ಅವರು ಟೀಚರಿಗೆ ತಮ್ಮ ಕಷ್ಟ ಹೇಳಿಕೊಂಡರು.

"ನನಗ ಪದ ಬರ್ತಾವವಾ. ಹೋಲಿಕಿ ಹಚ್ಚಿದ್ರ ಒಬ್ಬಾಂವ ಸಣ್ಣಾಂವ ಆಗ್ತಾನ. ಅದಕ್ಕ ಬಾಯಿ ಬರವಲ್ದು."

ದೇವಿಕಾ ಯೋಚಿಸಿ ಒಂದು ಉಪಾಯ ಹೇಳಿಕೊಟ್ಟರು. "ಕಿವಿ ಇಲ್ಲದ್ದು ಹೋಲಸ್ರಿ. ಅವು ಬ್ಯಾಸರ ಮಾಡ್ಕೊಳಂಗಿಲ್ಲ."

ಮರುದಿನ ಬೆಳಿಗ್ಗೆ ಕಾಲುವೆಯ ಕಡೆ ವಾಕಿಂಗ್ ಹೋದಾಗ ಶಂಭುಲಿಂಗಪ್ಪ ಎರಡು ಬೇವಿನ ಗಿಡಗಳ ನಡುವೆ ನಿಂತರು. ಅತ್ತಿತ್ತ ನೋಡಿ, ಈ ಬೇವು ಆ ಬೇವಿಗಿಂತ ಹಳೆಯದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಏನೂ ಆಗಲಿಲ್ಲ. ಆ ಬೇವು ಈ ಬೇವಿಗಿಂತ ಡೊಂಕು ಎಂದರು. ಆಗಲೂ ಏನೂ ಆಗಲಿಲ್ಲ. ಮನೆಗೆ ಬರುವಷ್ಟರಲ್ಲಿ ಕಾಲುವೆಯ ಈ ದಂಡೆ, ಆ ದಂಡೆ, ರಸ್ತೆಯ ಹೊಸ ಗುಂಡಿ, ಹಳೆಯ ಗುಂಡಿ, ಎಲ್ಲವನ್ನೂ ಹೋಲಿಸಿ ಮುಗಿಸಿದ್ದರು. ಬಿಗಿಯಾದ ಬೂಟು ಕಳಚಿದವರ ನಡಿಗೆ ಇತ್ತು. ಆಗಿನಿಂದ ಇಂಗ್ಲಿಷ್ ಅವರಿಗೆ ಬೇವಿನ ಗಿಡಗಳ ಭಾಷೆಯಾಯಿತು. ಅದರಲ್ಲಿ ಆಡಿದ್ದು ಯಾರಿಗೂ ತಾಗುವುದಿಲ್ಲ.

ಕೆಲವೇ ದಿನಗಳಲ್ಲಿ ಅದು ಅಂಗಡಿಯೊಳಗೂ ಬಂತು. ಸ್ಯಾಂಪಲ್ ಅಕ್ಕಿ ತಿಕ್ಕುತ್ತ ಕೂತಾಗ ತುಟಿ ಅಲ್ಲಾಡುತ್ತಿತ್ತು: ಇದು ಅದಕ್ಕಿಂತ ಹೊಸದು, ಅದು ಇದಕ್ಕಿಂತ ಭಾರ. ತಲೆ ಎತ್ತಿದಾಗ ಮಾತ್ರ ಎರಡೂ ಚೊಲೋ ಆಗಿರುತ್ತಿದ್ದವು. ಒಂದು ಮಧ್ಯಾಹ್ನ ಊಟದ ತಾಟಿನ ಮುಂದೆ ಕೂತು, ಬಸವಂತಮ್ಮನ ಕಡೆ ನೋಡದೆ, "ಯುವರ್ ರೊಟ್ಟಿ ಈಸ್ ಥಿಕ್ಕರ್," ಎಂದರು.

"ಏನಂದ್ರಿ?"

"ಪಾಠ," ಎಂದರು ಶಂಭುಲಿಂಗಪ್ಪ.

ಬಸವಂತಮ್ಮ ಇನ್ನೊಂದು ರೊಟ್ಟಿ ಹಾಕಿದರು. ಏನೋ ಅನುಮಾನ ಬಂದಿರಬೇಕು, ಆ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ಸಂಕ್ರಾಂತಿಯ ನಂತರ ಅನುರಾಧಾ ಹೇಳಿದಂತೆ ಬಂದರು. ರಾಯಚೂರಿನ ಸ್ಟೇಷನ್ ರಸ್ತೆಯ ಹೋಟೆಲೊಂದರ ಹಾಲಿನಲ್ಲಿ ಸಭೆ. ಶಂಭುಲಿಂಗಪ್ಪ ಬೀಗರ ಕಾರಿನಲ್ಲೇ ಹೋದರು. ದಾರಿಯುದ್ದಕ್ಕೂ ಪಂಪಾಪತಿ ಅವರಿಂದ ಬೆಟರ್, ಬಿಗ್ಗರ್ ಎಂದೆಲ್ಲ ಹೇಳಿಸಿ ಉಚ್ಚಾರ ತಿದ್ದಿದರು. ತಾವು ಕಲಿತದ್ದನ್ನು ಬೀಗರಿಗೆ ಧಾರೆ ಎರೆಯುವುದರಲ್ಲಿ ಅವರಿಗೆ ಸಂತೋಷವಿತ್ತು.

ಹಾಲಿನಲ್ಲಿ ಉದ್ದನೆಯ ಮೇಜಿನ ಮೇಲೆ ಸ್ಟೀಲಿನ ತಾಟುಗಳು. ಪ್ರತಿ ಗಿರಣಿಯ ಅಕ್ಕಿ ಒಂದು ತಾಟಿನಲ್ಲಿ, ಅದೇ ಅಕ್ಕಿಯ ಅನ್ನ ಪಕ್ಕದ ಬಟ್ಟಲಿನಲ್ಲಿ. ಅನುರಾಧಾ ಒಂದೊಂದನ್ನೇ ನೋಡುತ್ತ, ರುಚಿ ನೋಡುತ್ತ ಬದಿಗೆ ಸರಿಸಿದರು. ಈ ಸಲ ಮಾಲೀಕರು ಎಸ್ ಎನ್ನಲಿಲ್ಲ. ಪ್ರತಿಯೊಬ್ಬರೂ ಎದ್ದು ತಮ್ಮ ಅಕ್ಕಿ ಬೆಟರ್ ಎಂದರು. ಯಾರದಕ್ಕಿಂತ ಎಂದು ಕೇಳಿದಾಗ ಎದುರಿನವರ ಮುಖ ನೋಡಿ ಕೂತರು. ಕೊನೆಗೆ ಎರಡು ತಾಟು ಉಳಿದವು. ಒಂದು ಪಂಪಾಪತಿಯವರದು, ಇನ್ನೊಂದು ಗುರುಸಿದ್ದನದು. ತೀರ್ಮಾನಿಸಲು ಆಕೆಗೆ ಕಷ್ಟವಾಯಿತು. ಸ್ವಂತ ಗಿರಣಿ ಇಲ್ಲದ, ಎಲ್ಲರೂ ನಂಬುವ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಎಲ್ಲ ಬೆರಳುಗಳೂ ಒಂದೇ ಕಡೆ ಹೋದವು.

ಪಂಪಾಪತಿ ನಿಶ್ಚಿಂತೆಯಿಂದ ಕಾಲು ಚಾಚಿದರು. ಬೀಗರು ಏನು ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಎರಡೂ ಚೊಲೋ ಎಂದಮೇಲೆ ಬೆಳ್ಳಗಿರುವುದನ್ನೇ ಅಲ್ಲವೇ ಕೊಳ್ಳುವುದು?

ಶಂಭುಲಿಂಗಪ್ಪ ಎರಡನ್ನೂ ತಿಕ್ಕಿದರು, ಊದಿದರು, ಕಡಿದರು. ಅನುರಾಧಾ ಇಂಗ್ಲಿಷಿನಲ್ಲಿ ಕೇಳಿದರು: ಯಾವುದು ಮೇಲು? ಇಂಗ್ಲಿಷ್ ಕಿವಿಗೆ ಬಿದ್ದದ್ದೇ ಶಂಭುಲಿಂಗಪ್ಪನವರ ಕಣ್ಣಮುಂದೆ ಬೇವಿನ ಗಿಡಗಳು ಬಂದವು. ತರಗತಿಯಲ್ಲಿ ನಿಲ್ಲುವಂತೆ ನಿಂತು, ಸೂರಿನ ಫ್ಯಾನು ನೋಡುತ್ತ, ಬೀಗರು ಕಾರಿನಲ್ಲಿ ತಿದ್ದಿದ ಉಚ್ಚಾರದಲ್ಲೇ ಹೇಳಿದರು.

"ಪಂಪಾಪತಿ ರೈಸ್ ಈಸ್ ವೈಟರ್. ಬಟ್ ನ್ಯೂವರ್. ಅಂಡ್ ಸ್ಟಿಕ್ಕಿಯರ್. ಗುರುಸಿದ್ದ ರೈಸ್ ಈಸ್ ಬೆಟರ್."

ಸುತ್ತ ಕೂತಿದ್ದವರು ಬೇವಿನ ಗಿಡಗಳಲ್ಲ. ಒಂದೇ ಮಹಡಿಯ ಮೇಲೆ, ಒಂದೇ ಹಲಗೆಯ ಮುಂದೆ, ಅದೇ ಪಾಠ ಕಲಿತವರು. ಒಂದು ಪದವೂ ಯಾರಿಗೂ ತಪ್ಪಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಮುಂದಿನ ಬೆಂಚಿನ ವಿದ್ಯಾರ್ಥಿಗೆ. ಅನುರಾಧಾ ಗುರುಸಿದ್ದನ ತಾಟನ್ನು ತಮ್ಮ ಕಡೆ ಎಳೆದುಕೊಂಡರು.

ವಾಪಸ್ ಬರುವಾಗಲೂ ಅದೇ ಕಾರು.

"ಬೀಗ್ರ," ಎಂದರು ಪಂಪಾಪತಿ, ದಾರಿಯ ಕಲ್ಮಲ ಊರು ದಾಟಿದ ಮೇಲೆ, ರಸ್ತೆ ನೋಡುತ್ತ. "ಸ್ಟಿಕ್ಕಿಯರ್ ಅಂದ್ರ ಅಂಟೋದು, ಹೌದಲ್ರೀ?"

"ಹೌದ್ರಿ."

"ಎಷ್ಟ್ ವರ್ಷದಿಂದ ಅಂಟಾಕತ್ತದ?"

"ಹೊಸಾ ಪಾಲಿಶ್ ಮಷೀನ್ ತಂದಾಗಿಂದ್ರಿ. ಅದು ಭಾಳ ತಿಕ್ಕತದ."

"ಆ ಮಷೀನಿಗಿ ಕಾಯಿ ಒಡದಾಂವ್ರು ನೀವ. ಅವತ್ತ ಏನಂದ್ರಿ?"

"ಚೊಲೋ ಅದ ಅಂದ್ನಿ."

"ಅವತ್ತ ಕನ್ನಡದಾಗ ಖರೇ ಹೇಳಿದ್ರ, ನಿಮ್ಮ ಮಗಳನ್ನ ತವರಿಗಿ ಕಳಸ್ತಿದ್ನೇನ್ರೀ? ಮಷೀನ್ ಸಡ್ಲ ಮಾಡ್ತಿದ್ದೆ, ಅಷ್ಟ."

ಮನೆಯ ಮುಂದೆ ಕಾರು ನಿಂತಾಗ ಬಸವಂತಮ್ಮ ಬಾಗಿಲಿಗೆ ಬಂದು ಬರ್ರಿ ಬೀಗ್ರ, ಚಹಾ ಕುಡುದು ಹೋಗ್ರಿ ಎಂದರು. ಪಂಪಾಪತಿ ಕೈಮುಗಿದರು, ಇಳಿಯಲಿಲ್ಲ. ಬೀಗರ ಮನೆಯ ಬಾಗಿಲಲ್ಲಿ ನೀರೂ ಮುಟ್ಟದೆ ಹೋಗುವುದೆಂದರೆ ಏನೆಂದು ಆ ಓಣಿಯ ಎಲ್ಲರಿಗೂ ಗೊತ್ತಿತ್ತು.

ಮರುದಿನದಿಂದ ಕಟ್ಟೆ ಖಾಲಿಯಾಯಿತು. ಶಂಭುಲಿಂಗಪ್ಪ ಎಂದಿನಂತೆ ಬೆಳಿಗ್ಗೆ ಗಡಿಗೆಗೆ ನೀರು ತುಂಬಿಸಿ ಕೂಡುತ್ತಿದ್ದರು. ನಮಸ್ಕಾರ ಹೇಳುವವರು ಹೇಳುತ್ತಿದ್ದರು, ಆದರೆ ಪೊಟ್ಟಣ ಹಿಡಿದು ಯಾರೂ ಬರಲಿಲ್ಲ. ಎರಡು ಗಿರಣಿಗಳ ನಡುವೆ ನುಚ್ಚಿನ ವಿಷಯಕ್ಕೆ ಎದ್ದ ತಕರಾರು ಅವರ ಅಂಗಡಿಯ ಮುಂದಿನಿಂದಲೇ ನಡೆದು, ಆ ಸಾಲಿನ ಕೊನೆಯ ಅಂಗಡಿಗೆ ಹೋಯಿತು. ಅಲ್ಲಿ ಅದು ತೀರಲಿಲ್ಲ ಎಂಬುದು ಬೇರೆ ಮಾತು. ಹೋಲಿಸಿದ್ದಕ್ಕೆ ಮಂದಿ ದೂರ ಸರಿದರೋ, ಇಷ್ಟು ವರ್ಷ ಹೋಲಿಸದೇ ಇದ್ದದ್ದಕ್ಕೆ ಸರಿದರೋ ಎಂದು ಅವರಿಗೆ ತಿಳಿಯಲಿಲ್ಲ. ಇಡೀ ಗಂಜಿನಲ್ಲಿ ಅವರಿಗೆ ಇದ್ದದ್ದು ಆ ಒಂದು ಕಟ್ಟೆಯ ಮಾತು. ಅದು ಹೋದರೆ ಅವರೂ ಸಾಲಿನ ಎಲ್ಲರಂತೆ ಒಬ್ಬ ದಲಾಲಿ.

ವಿಜಯಲಕ್ಷ್ಮಿ ತಾಯಿಗೆ ಫೋನ್ ಮಾಡುತ್ತಿದ್ದಳು. ಮಾವ ಯಾರೊಡನೆಯೂ ಹೆಚ್ಚು ಮಾತಾಡುತ್ತಿಲ್ಲ, ಮಿಸ್ತ್ರಿಯನ್ನು ಕರೆಸಿ ಯಂತ್ರ ಬಿಚ್ಚಿಸಿದ್ದಾರೆ, ಹೊಸ ಭತ್ತದ ಚೀಲಗಳನ್ನು ಒಳಗಿಡಿಸಿ ಹಳೆಯದನ್ನು ಹೊರಗೆ ತೆಗೆಸಿದ್ದಾರೆ ಎಂದಳು. ಬಸವಂತಮ್ಮ ಇದನ್ನು ಗಂಡನಿಗೆ ಹೇಳಿದರು. ಅವರು ಹೂಂ ಎಂದರು.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಪಂಪಾಪತಿಯವರ ಕಾರು ಗಂಜಿಗೆ ಬಂತು. ಇಳಿದವರು ಜೇಬಿನಿಂದ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟರು. ಆ ದಿನ ಗುರುಸಿದ್ದನೂ ಮಾಲು ಹಾಕಲು ಬಂದಿದ್ದ. ಅವನನ್ನು ಕರೆದು ಅವನ ಅಕ್ಕಿಯನ್ನೂ ಪಕ್ಕದಲ್ಲಿ ಇಡಿಸಿದರು. ಸುತ್ತಲಿನ ಅಂಗಡಿಯವರು ಏನೋ ನೆಪ ಮಾಡಿಕೊಂಡು ಹತ್ತಿರ ಬಂದರು.

"ಹಳೇ ನೆಲ್ಲು. ಒಂದ ಸಲ ತಿಕ್ಸೀನಿ," ಎಂದರು ಪಂಪಾಪತಿ. "ನೋಡ್ರಿ."

ಶಂಭುಲಿಂಗಪ್ಪ ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಬಾಯಿಗೆ ಆ ಹಳೆಯ ಮಾತು ತಾನಾಗಿ ಬಂದಿತ್ತು. ಆದರೆ ಕಾರಿನಲ್ಲಿ ಬೀಗರು ಕೇಳಿದ್ದೂ ನೆನಪಾಯಿತು. ಈ ಸಲ ಸೂರು ನೋಡಲಿಲ್ಲ, ಮುಖ ನೋಡಿಯೇ ಹೇಳಿದರು.

"ಬೀಗ್ರ, ನಿಮ್ಮದು ಮೊದಲಿಗಿಂತ ಭಾಳ ಚೊಲೋ ಆಗ್ಯದ. ಆದ್ರ ಗುರುಸಿದ್ದಂದು ನಿಮ್ಮದಕ್ಕಿಂತ ಚೊಲೋ ಅದ."

ಮಾನ್ವಿಯ ಗಂಜು ಇಂಥ ಮಾತನ್ನು ಆ ಕಟ್ಟೆಯಿಂದ ಕನ್ನಡದಲ್ಲಿ ಎಂದೂ ಕೇಳಿರಲಿಲ್ಲ. ಗೆದ್ದ ಗುರುಸಿದ್ದನೇ ತಪ್ಪು ಮಾಡಿದವನಂತೆ ನೆಲ ನೋಡಿದ. ಯಾರೋ ಕೆಮ್ಮಿದರು. ಪಂಪಾಪತಿಯವರ ಕಿವಿ ಕೆಂಪಾಯಿತು. ಕನ್ನಡದಲ್ಲಿ ಹೇಳಬಾರದಿತ್ತೇ ಎಂದು ಕೇಳಿದವರು ಅವರೇ. ಈಗ ಅದು ಹೇಗಿರುತ್ತದೆಂದು ಗೊತ್ತಾಗುತ್ತಿತ್ತು. ಅವರು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, ಬೀಗರ ಕಡೆ ಬಾಗಿ ದನಿ ತಗ್ಗಿಸಿದರು.

"ಬೀಗ್ರ, ಇದನ್ನ ಇಂಗ್ಲಿಷ್‌ನಾಗ ಹೇಳ್ರಿ."

ಶಂಭುಲಿಂಗಪ್ಪ ಇಂಗ್ಲಿಷಿನಲ್ಲಿ ಹೇಳಿದರು. ಅದೇ ಮಾತು, ಅದೇ ಸೋಲು, ಒಂದು ಕಾಳೂ ಹೆಚ್ಚು ಕಡಿಮೆ ಇಲ್ಲ. ಪಂಪಾಪತಿ ತಲೆಯಾಡಿಸುತ್ತ ಕೇಳಿಸಿಕೊಂಡರು. ಬೆಟರ್ ಎಂಬಲ್ಲಿ ಉಚ್ಚಾರ ಸರಿಯಾಗಿದೆಯೆಂದು ಕಣ್ಣಲ್ಲೇ ಒಪ್ಪಿಗೆ ಕೊಟ್ಟರು.

"ಹಾಂ. ಹಿಂಗ ಹೇಳಿದ್ರ ಆತು," ಎಂದು ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಚಹಾ ತರಿಸಿರಿ ಎಂದರು. ಗಡಿಗೆಯ ನೀರನ್ನೂ ಕುಡಿದರು.

ಈಗ ಕಟ್ಟೆ ಮತ್ತೆ ತುಂಬಿದೆ. ಪದ್ಧತಿ ಸ್ವಲ್ಪ ಬದಲಾಗಿದೆ. ಪೊಟ್ಟಣ ಬಿಚ್ಚಿದ ಮೇಲೆ ಶಂಭುಲಿಂಗಪ್ಪ ಮೊದಲು ಎಲ್ಲರಿಗೂ ಕೇಳುವಂತೆ ಎರಡೂ ಚೊಲೋ ಅದಾವ ಎನ್ನುತ್ತಾರೆ. ಅದು ಮರ್ಯಾದೆಗೆ. ಬಂದವರು ಏಳುವುದಿಲ್ಲ, ಕಾಯುತ್ತಾರೆ. ಆಮೇಲೆ ಇಂಗ್ಲಿಷಿನಲ್ಲಿ ನಿಜ ಹೊರಬರುತ್ತದೆ, ಯಾರಿಗೂ ನೋವಾಗುವುದಿಲ್ಲ. ಹೀಗಾಗಿ ಇಂಗ್ಲಿಷ್ ಬಾರದವರಿಗೆ ತಮ್ಮ ಅಕ್ಕಿಯ ಯೋಗ್ಯತೆಯೇ ತಿಳಿಯದಂತಾಗಿ, ದೇವಿಕಾ ಅವರ ತರಗತಿಗೆ ಜಾಗ ಸಾಲುತ್ತಿಲ್ಲ. ಸಿಂಧನೂರಿನಿಂದಲೂ ಇಬ್ಬರು ಬರುತ್ತಿದ್ದಾರೆ.

ಹೊಸ ಬ್ಯಾಚು ಶುರುವಾದ ಸಂಜೆ ಶಂಭುಲಿಂಗಪ್ಪ ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ರೊಟ್ಟಿ ಬಡಿದು ಮುಚ್ಚಿಟ್ಟಿತ್ತು. ಬಸವಂತಮ್ಮ ಸಂಘದ ಮಹಡಿಯ ಮೇಲೆ, ಮುಂದಿನ ಬೆಂಚಿನಲ್ಲಿ, ಪಂಪಾಪತಿ ಕೂಡುತ್ತಿದ್ದ ಜಾಗದಲ್ಲಿ ಕೂತಿದ್ದರು. ದೇವಿಕಾ ಪಾಠ ಆರಂಭಿಸುವ ಮೊದಲೇ ಅವರು ಕೈ ಎತ್ತಿ, ತಮಗೆ ಮೊದಲು ರೊಟ್ಟಿಗೆ ಹೇಳುವ ಒಂದು ಪದದ ಅರ್ಥ ಬೇಕು ಎಂದರು.